ಭೂತಾನ, ಮಾಲ್ಡೀವ್ಸ್: ತೂಗಿ ನೋಡೋದು ಹೆಂಗ?

ಗಂಗಾವತಿಯಾಗ ಪರೀಕ್ಷೆಗೆ ಓದೋ ಹುಡುಗರಿಗೆ ನಾ ಹೇಳೋದು: ತಲಾ ಆದಾಯದಿಂದ ಶುರು ಮಾಡಬ್ಯಾಡ್ರಿ. ಅದರಾಗ ಮಾಲ್ಡೀವ್ಸ್ ಭಾಳ ಮುಂದ. ವಿಶ್ವಸಂಸ್ಥೆಯ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಅದು 2011ರಾಗ ಹೊರಬಿತ್ತು, ಭೂತಾನ 2023ರಾಗ. ರೊಕ್ಕ ಎಲ್ಲಿಂದ ಬರತೈತಿ, ಅದನ್ನ ಬರಕೊಳ್ರಿ: ಮಾಲ್ಡೀವ್ಸ್‌ಗೆ ಪ್ರವಾಸಿಗರಿಂದ, ಭೂತಾನಕ್ಕ ನಮ್ಮ ದೇಶಕ್ಕ ಮಾರೋ ಜಲವಿದ್ಯುತ್‌ನಿಂದ.

ಆಮ್ಯಾಲ ತಾಟು ನೋಡ್ರಿ. ಭೂತಾನದಾಗ ಕೆಂಪಕ್ಕಿ ಅನ್ನ, ಎಮಾ ದತ್ಶಿ. ಅದರಾಗ ಮೆಣಸಿನಕಾಯಿನೇ ಕಾಯಿಪಲ್ಯ, ಜೊತಿಗೆ ಚೀಸ್. (ಮಿರ್ಚಿ ಭಜಿ ತಿನ್ನೋ ನಾವೂ ಬೆವರಬೇಕು.) ಮಾಲ್ಡೀವ್ಸ್‌ನಾಗ ಮುಂಜಾನೆ ಟ್ಯೂನಾ ಮೀನು, ತೆಂಗಿನತುರಿ ಕಲಸಿದ ಮಸ್ ಹುನಿ. ಮೀನು ತಮ್ಮದು, ಅಕ್ಕಿ ಹಡಗಿನಾಗ ಬರಬೇಕು. ಹಡಗು ತಡ ಆದ್ರ? ಇದು ತಲಾ ಆದಾಯದಾಗ ಕಾಣಂಗಿಲ್ಲ.

ಉಡುಗೆ ಬಗ್ಗೆ ಒಂದು ಸಾಲು ಸಾಕು: ಭೂತಾನದ ಸರ್ಕಾರಿ ಕಚೇರಿಯಾಗ ಅಲ್ಲಿನ ಸಾಂಪ್ರದಾಯಿಕ ಉಡುಗೆ ಕಡ್ಡಾಯ, ಗಂಡಸರಿಗೆ ಘೋ, ಹೆಂಗಸರಿಗೆ ಕಿರಾ.

ಬೆಲೆ ಹೋಲಿಸುವಾಗ ಹುಷಾರ್. ಭೂತಾನದ ನಾಣ್ಯ ನಮ್ಮ ರೂಪಾಯಿಗೆ ಸರಿಸಮ. ಮಾಲ್ಡೀವ್ಸ್‌ದ ನಾಣ್ಯ ರುಫಿಯಾ, ಅದರ ಬೆಲೆ ಡಾಲರಿಗೆ ಕಟ್ಟೈತಿ.