ಗಾಳಿಯಂತ್ರದ ಕಾಲಿಗೆ ಸ್ಕ್ರೂ ಪೈಲ್: ಡಿಸೈನ್ ನಾನು ಎಲ್ಲಿಂದ ಶುರು ಮಾಡುತ್ತೇನೆ

ಸ್ಕ್ರೂ ಪೈಲ್ ಅಂದರೆ ಸುರುಳಿ ತಟ್ಟೆ ಬೆಸೆದ ಉಕ್ಕಿನ ಕೊಳವೆ, ಸ್ಕ್ರೂನಂತೆ ತಿರುಗಿಸಿ ನೆಲಕ್ಕೆ ಇಳಿಸುವುದು. ಉತ್ತರ ಸಮುದ್ರದ ಗಾಳಿಯಂತ್ರಗಳಿಗೆ ಅದನ್ನು ಡಿಸೈನ್ ಮಾಡುತ್ತೇನೆ ಅಂದರೆ ಎಲ್ಲರೂ ಕೇಳುವುದು ಒಂದೇ: "ಅಷ್ಟು ಭಾರ ತಡೆಯುತ್ತಾ?" ತಡೆಯುತ್ತದೆ. ತಲೆನೋವು ಅದಲ್ಲ. ಅದನ್ನು ಮರಳಿನೊಳಗೆ ಇಳಿಸುವುದು ಹೇಗೆ ಅನ್ನುವುದು ತಲೆನೋವು. ಹಾಗಾಗಿ ನನ್ನ ಲೆಕ್ಕ ಶುರುವಾಗುವುದೇ ಅಲ್ಲಿಂದ.

ವಿಚಾರ ಹಳೆಯದು. ಅಲೆಕ್ಸಾಂಡರ್ ಮಿಚೆಲ್ ಎಂಬ ಐರಿಷ್ ಎಂಜಿನಿಯರ್ 1838ರಲ್ಲೇ ಥೇಮ್ಸ್ ಅಳಿವೆಯ ಮ್ಯಾಪ್ಲಿನ್ ಸ್ಯಾಂಡ್ಸ್‌ನಲ್ಲಿ ದೀಪಸ್ತಂಭಕ್ಕೆ ಸ್ಕ್ರೂ ಪೈಲ್ ಹಾಕಿಸಿದ್ದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ ಅನ್ನುವುದು ಇನ್ನೊಂದು ಸೋಜಿಗ. ಈಗ ಮತ್ತೆ ಇದರ ಮಾತು ಬಂದಿರುವುದು ಸದ್ದಿನಿಂದಾಗಿ. ಮಾಮೂಲಿ ಪೈಲ್‌ಗಳನ್ನು ಸುತ್ತಿಗೆಯಿಂದ ಹೊಡೆದು ಇಳಿಸುತ್ತಾರೆ. ನೀರಿನೊಳಗೆ ಆ ಸದ್ದು ಬಹಳ ದೂರ ಹೋಗುತ್ತದೆ, ಡಾಲ್ಫಿನ್ ಹೋಲುವ ಪೋರ್ಪಾಯ್ಸ್‌ನಂಥ ಪ್ರಾಣಿಗಳಿಗೆ ತೊಂದರೆ. ಜರ್ಮನಿಯಲ್ಲಂತೂ 750 ಮೀಟರ್ ದೂರದಲ್ಲಿ ಒಂದು ಹೊಡೆತದ ಸದ್ದು 160 ಡೆಸಿಬೆಲ್ ದಾಟಬಾರದು. ತಿರುಗಿಸಿ ಇಳಿಸಿದರೆ ಈ ಗಲಾಟೆಯೇ ಇಲ್ಲ.

ನೀರು ಆಳವಾದ ಕಡೆ ಗಾಳಿಯಂತ್ರವನ್ನು ಹೊರಲು ನಾಲ್ಕು ಕಾಲಿನ ಜಾಕೆಟ್ (ಉಕ್ಕಿನ ಚೌಕಟ್ಟು) ನಿಲ್ಲಿಸುತ್ತಾರೆ. ಗಾಳಿ ತಳ್ಳಿದಾಗ ಆಚೆ ಬದಿಯ ಕಾಲು ಒತ್ತುತ್ತದೆ, ಗಾಳಿ ಬರುವ ಬದಿಯ ಕಾಲು ಮೇಲಕ್ಕೆ ಎಳೆಯುತ್ತದೆ. ಪೈಲ್ ಎಷ್ಟು ಉದ್ದ ಬೇಕು ಅಂತ ತೀರ್ಮಾನಿಸುವುದು ಈ ಎಳೆತವೇ. ಅದನ್ನು ತಡೆಯುವುದರಲ್ಲಿ ಸ್ಕ್ರೂ ಪೈಲ್‌ನ ತಟ್ಟೆ ಜಾಣ. ಮೇಲಿನ ಮರಳನ್ನೆಲ್ಲಾ ಹೊತ್ತುಕೊಂಡೇ ಅದು ಏಳಬೇಕಲ್ಲ.

ಒಂದು ಪೈಲ್ ನೋಡೋಣ. ಶಾಫ್ಟ್ (ನಡುವಿನ ಕೊಳವೆ) ಅಗಲ 0.9 ಮೀಟರ್, ತಟ್ಟೆ 1.75 ಮೀಟರ್, ಆಳ 12 ಮೀಟರ್. ಗಟ್ಟಿ ಮರಳಲ್ಲಿ ಸಿಪಿಟಿ (ಮೊನಚು ಕೋನ್ ಒತ್ತಿ ನೆಲದ ಗಟ್ಟಿತನ ಅಳೆಯುವ ಪರೀಕ್ಷೆ) ಕೋನ್ 20 ಮೆಗಾಪಾಸ್ಕಲ್ ತೋರಿಸಿತು ಅನ್ನಿ. ತುದಿ ಮುಚ್ಚಿದ ಶಾಫ್ಟ್ ಒಂದಕ್ಕೇ ಸುಮಾರು 1,300 ಟನ್ ಒತ್ತಬೇಕು! ತಟ್ಟೆಯ ಲೆಕ್ಕ ಬೇರೆ. ಕ್ರೇನ್ ಎತ್ತುತ್ತದೆ, ಒತ್ತುವುದಿಲ್ಲ. ಸಮುದ್ರದ ನಡುವೆ ಅಷ್ಟು ಭಾರ ಎಲ್ಲಿಂದ ತರುವುದು?

ಉತ್ತರ ಸಿಕ್ಕಿದ್ದು ಸೆಂಟ್ರಿಫ್ಯೂಜ್‌ನಲ್ಲಿ, ಅಂದರೆ ಪುಟ್ಟ ಮಾದರಿಯನ್ನು ಜೋರಾಗಿ ಸುತ್ತಿಸುವ ಯಂತ್ರದಲ್ಲಿ. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದಲ್ಲಿ ಇದರ ಮೇಲೆ ಸಾಕಷ್ಟು ಕೆಲಸ ಆಗಿದೆ. ಮರಳಿನ ಗುಣ ಅದರ ಮೇಲಿರುವ ಒತ್ತಡದ ಮೇಲೆ ನಿಂತಿದೆ. ಸುಮ್ನೆ ಮೇಜಿನ ಮೇಲೆ ಪುಟ್ಟ ಮಾದರಿ ಇಟ್ಟರೆ ಅದು ಸುಳ್ಳು ಹೇಳುತ್ತದೆ. ಮರಳಿನ ಪೆಟ್ಟಿಗೆಯನ್ನು 50 ಜಿ (ಭೂಮಿಯ ಗುರುತ್ವದ 50 ಪಟ್ಟು) ಬರುವಂತೆ ತಿರುಗಿಸಿದರೆ 24 ಸೆಂಟಿಮೀಟರ್ ಮರಳು 12 ಮೀಟರ್‌ನಂತೆ ನಡೆದುಕೊಳ್ಳುತ್ತದೆ. ಮಾದರಿಗಿಂತ ನಿಜವಾದ ಪೈಲ್‌ನ ಬಲ 2,500 ಪಟ್ಟು, ಟಾರ್ಕ್ (ತಿರುಗಿಸುವ ಬಲ) 1,25,000 ಪಟ್ಟು. ಅಂದರೆ ಹೆಬ್ಬೆರಳು ದಪ್ಪದ ಉಕ್ಕಿನ ಸರಳಿನ ಮೇಲೆ ಅರ್ಧ ಟನ್‌ಗೂ ಜಾಸ್ತಿ. ಬಲ ಅಳೆಯುವ ಲೋಡ್‌ಸೆಲ್‌ನ ಗೆರೆ ಮೇಲೇರುವುದನ್ನು ನೋಡುತ್ತಾ ಕೂತರೆ, ಸರಳು ಬಾಗಿತೇನೋ ಅಂತ ಪ್ರತಿ ಸಲ ಅನಿಸುತ್ತದೆ.

ನೆಲದ ಮೇಲಿನ ಪದ್ಧತಿಯಲ್ಲಿ ಪೈಲ್ ಒಂದು ಸುತ್ತು ತಿರುಗಿದರೆ ಸುಮಾರು ಒಂದು ಪಿಚ್ (ತಟ್ಟೆಯ ಸುರುಳಿಯ ಒಂದು ಸುತ್ತಿನ ಎತ್ತರ) ಇಳಿಯಬೇಕು. ಅಡಿಪಾಯಗಳ ಬ್ರಿಟಿಷ್ ಸಂಹಿತೆ ಬಿಎಸ್ 8004 ಕೂಡ 0.8ರಿಂದ 1.2 ಪಿಚ್ ಒಳಗೇ ಇರಿ ಅನ್ನುತ್ತದೆ. ಮರಕ್ಕೆ ಹಾಕಿದ ಸ್ಕ್ರೂ ಇಳಿಯದೆ ತಿರುಗಿದರೆ ತೂತು ಕೆಡುತ್ತದೆ, ಮಣ್ಣೂ ಹಾಗೇ ಅಂತ ನಂಬಿಕೆ. ಗಟ್ಟಿ ಮರಳಲ್ಲಿ ಹಾಗಾಗುವುದಿಲ್ಲ. ಒಂದೊಂದು ಸುತ್ತಿನಲ್ಲಿ ಅರ್ಧ ಪಿಚ್ ಮಾತ್ರ ಇಳಿಸಿ ನೋಡಿದೆ. ತಟ್ಟೆ ಮರಳನ್ನು ಮೇಲಕ್ಕೆ ತಳ್ಳುತ್ತದೆ, ಆ ಮರಳು ಪ್ರತಿಯಾಗಿ ಪೈಲನ್ನು ಕೆಳಕ್ಕೆ ನೂಕುತ್ತದೆ. ಒತ್ತಬೇಕಾದ ಬಲ ಥಟ್ಟನೆ ಇಳಿಯಿತು. ಇನ್ನೂ ನಿಧಾನಕ್ಕೆ ಇಳಿಸಿದರೆ ಪೈಲ್ ತನ್ನನ್ನು ತಾನೇ ಎಳೆದುಕೊಳ್ಳುವ ಹಂತವೂ ಬರುತ್ತದೆ. ಮೇಲಿನ ಮರಳು ಒತ್ತಿಕೊಂಡಿರುವುದರಿಂದ ಎಳೆತಕ್ಕೆ ಪೈಲ್ ಇನ್ನೂ ಬಿಗಿ.

ಪುಕ್ಕಟೆ ಅಲ್ಲ ಬಿಡಿ. ತಟ್ಟೆಯ ಕೆಳಗಿನ ಮರಳು ಸಡಿಲವಾಗುತ್ತದೆ, ಒತ್ತಡ ತಡೆಯುವ ಶಕ್ತಿ ಕುಗ್ಗುತ್ತದೆ. ಆಚೆ ಬದಿಯ ಕಾಲಿಗೆ ಇದು ಸಾಕಾ ಅಂತ ಬೇರೆಯಾಗಿ ನೋಡಲೇಬೇಕು. ಅಲೆ ಎಳೆದೆಳೆದು ಬಿಟ್ಟಾಗ ಪೈಲ್ ಇಷ್ಟಿಷ್ಟೇ ಮೇಲೇಳುವ ಸಾಧ್ಯತೆಯೂ ಇದೆ, ಆದ್ದರಿಂದ ಒಂದೇ ಎಳೆತದ ಶಕ್ತಿಯನ್ನು ಪೂರ್ತಿ ಬಳಸಲು ನಾನು ಹೋಗುವುದಿಲ್ಲ. ಟಾರ್ಕ್ ನೋಡಿ ಶಕ್ತಿ ಅಂದಾಜಿಸುವ ಸಣ್ಣ ಪೈಲ್‌ಗಳ ಸೂತ್ರವನ್ನೂ ಈ ಗಾತ್ರಕ್ಕೆ ನಂಬುವುದಿಲ್ಲ. ಶಾಫ್ಟ್ ದಪ್ಪವಾದಷ್ಟೂ ಅದರ ಗುಣಾಂಕ ಬದಲಾಗುತ್ತದೆ. ಸಿಪಿಟಿಯಿಂದಲೇ ಟಾರ್ಕ್ ಲೆಕ್ಕ ಹಾಕುತ್ತೇನೆ. ಶಾಫ್ಟ್ ಗೋಡೆಯ ದಪ್ಪ ನಿಗದಿಯಾಗುವುದೂ ಬಹುಪಾಲು ಆ ಟಾರ್ಕ್‌ನಿಂದಲೇ. ಬಿರುಗಾಳಿಗಿಂತ, ಕೂರಿಸುವ ದಿನವೇ ಪೈಲ್‌ಗೆ ಹೆಚ್ಚು ಕಷ್ಟ.

ಒಂದು ಸುತ್ತಿನಲ್ಲಿ ಪೈಲ್ ಎಷ್ಟು ಇಳಿಯಬೇಕು ಅನ್ನುವುದನ್ನು ಕಂಟ್ರಾಕ್ಟರ್‌ಗೆ ಬಿಡುವುದಿಲ್ಲ. ಡ್ರಾಯಿಂಗ್‌ನಲ್ಲಿ ತಟ್ಟೆಯ ಅಳತೆಯ ಪಕ್ಕದಲ್ಲೇ ಅದನ್ನೂ ಬರೆಯುತ್ತೇನೆ.