ಕೀಳುವುದು ನಿಂತಿತು, ಇನ್ನು ಕೂದಲು ಬೆಳೆಸುವುದು ಹೇಗೆ?

ತಲೆಕೂದಲು, ಹುಬ್ಬು, ರೆಪ್ಪೆಗಳನ್ನು ತಾವೇ ಕಿತ್ತುಕೊಳ್ಳುವ ಕಾಯಿಲೆಗೆ ವೈದ್ಯರು ಟ್ರೈಕೊಟಿಲೋಮೇನಿಯಾ ಎನ್ನುತ್ತಾರೆ. 1889ರಲ್ಲಿ ಫ್ರಾನ್ಸಿನ ಚರ್ಮವೈದ್ಯ ಹ್ಯಾಲೊಪೊ ಇಟ್ಟ ಹೆಸರಿದು. ಸಾಮಾನ್ಯವಾಗಿ 10ರಿಂದ 13ರ ವಯಸ್ಸಿನಲ್ಲಿ ಶುರುವಾಗುತ್ತದೆ. ಪರೀಕ್ಷೆಗೆ ಓದುವಾಗ, ಟಿವಿ ನೋಡುವಾಗ, ನಿದ್ದೆ ಬಾರದೆ ಹೊರಳುವಾಗ ಕೈ ತಾನಾಗಿಯೇ ನೆತ್ತಿಗೆ ಹೋಗುತ್ತದೆ. ಆ ಕೈಯನ್ನು ಹೇಗೋ ತಡೆದು ನಿಲ್ಲಿಸಿದವರಿಗಾಗಿ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಹಗಲಿನ ಬೆಳಕಿನಲ್ಲಿ ಮನೆಯವರೊಬ್ಬರಿಂದ ನೆತ್ತಿ ನೋಡಿಸಿ. ಬೋಳಾದ ಜಾಗದಲ್ಲಿ ಚುಕ್ಕಿ ಚುಕ್ಕಿಯಾಗಿ ರಂಧ್ರಗಳು ಕಂಡರೆ ಕೂದಲು ಬರುವ ಸಾಧ್ಯತೆ ಚೆನ್ನಾಗಿದೆ. ಚರ್ಮ ನುಣ್ಣಗೆ, ಹೊಳೆಯುವಂತೆ ಆಗಿದ್ದರೆ ವರ್ಷಗಟ್ಟಲೆ ಕಿತ್ತು ಬೇರಿನ ಜಾಗವೇ ಗಾಯವಾಗಿ ಮುಚ್ಚಿರಬಹುದು. ಅಲ್ಲಿ ಎಣ್ಣೆ ಹಚ್ಚುತ್ತಾ ದಿನ ಕಳೆಯಬೇಡಿ, ನೇರ ಚರ್ಮವೈದ್ಯರ ಹತ್ತಿರ ಹೋಗಿ. ಹೊಟ್ಟು, ಕೀವು, ಹುಳುಕಡ್ಡಿಯ ಹಾಗೆ ದುಂಡಗಿನ ಗುರುತು ಇದ್ದರೂ ಅಷ್ಟೇ. ಕೇರಳದ ಗಡಿಯ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆಯವರು ಇದಕ್ಕೆ ಮಂಗಳೂರಿನ ಬಸ್ಸು ಹತ್ತುವುದೇ ರೂಢಿ. ಹೋಗುವಾಗ ಕೀಳುತ್ತಿದ್ದ ವಿಷಯ ಮುಚ್ಚಿಡಬೇಡಿ, ಇಲ್ಲವಾದರೆ ಕೂದಲುದುರುವ ಬೇರೆ ಕಾಯಿಲೆಗೆ ಮದ್ದು ಕೊಟ್ಟು ಕಳಿಸಿಯಾರು.

ಎರಡನೆಯದು ಕ್ಯಾಲೆಂಡರ್. ಕಿತ್ತ ಬೇರು ಒಂದಷ್ಟು ದಿನ ಸುಮ್ಮನಿದ್ದು ಆಮೇಲೆ ಚಿಗುರುತ್ತದೆ. ಹಾಗಾಗಿ ಮೊದಲ ಕೆಲವು ವಾರ ಏನೂ ಕಾಣದಿದ್ದರೆ ಗಾಬರಿ ಬೇಡ. ಚಿಗುರಿದ ಮೇಲೆ ತಲೆಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಹುಬ್ಬು ತುಂಬಲು ಎರಡರಿಂದ ನಾಲ್ಕು ತಿಂಗಳು ಬೇಕು. ಭುಜಕ್ಕೆ ಮುಟ್ಟುವ ಜಡೆ ಬೇಕಿದ್ದರೆ ಎರಡು ವರ್ಷಕ್ಕೂ ಮಿಕ್ಕಿ ಕಾಯಬೇಕು. ತಿಂಗಳಿಗೊಂದು ಸಲ, ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ ಫೋಟೋ ತೆಗೆದಿಡಿ. ದಿನಾ ಕನ್ನಡಿ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ, ಮತ್ತೆ ಕೈ ಹೋಗುವ ಅಪಾಯ ಮಾತ್ರ ಇದೆ.

ನಿಜವಾದ ಕಷ್ಟ ಕೂದಲು ಬರಲು ಶುರುವಾದ ಮೇಲೆ. ಈ ಮಾತನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಹೊಸ ಕೂದಲಿನ ತುದಿ ಸೂಜಿಯಂತೆ ಸಪೂರ. ಅರ್ಧ ಸೆಂಟಿಮೀಟರ್ ಆಗುವಾಗ ನೇರ ಮೇಲೆದ್ದು ನಿಲ್ಲುತ್ತದೆ, ಬೆರಳಿಗೆ ಚುಚ್ಚುತ್ತದೆ, ತುರಿಸುತ್ತದೆ. ಕೆಲವು ಸುರುಳಿಯಾಗಿ, ದಪ್ಪವಾಗಿ, ಒಮ್ಮೊಮ್ಮೆ ಬಿಳಿಯಾಗಿಯೂ ಬರುತ್ತವೆ. ಹೀಗೆ ‘ಬೇರೆ ಥರ’ ಇರುವ ಕೂದಲನ್ನು ಹುಡುಕಿ ಕೀಳುವುದೇ ಹಲವರ ಹಳೆಯ ಅಭ್ಯಾಸ. ಅಂದರೆ ವಾಸಿಯಾಗುತ್ತಿರುವ ಗುರುತೇ ಕೀಳಲು ಕರೆಯುತ್ತದೆ. ಬಿಟ್ಟ ಅಭ್ಯಾಸ ಮರುಕಳಿಸುವುದು ಇಲ್ಲೇ. ಆದ್ದರಿಂದ ಈ ಕಾಲಕ್ಕೆ ಮೊದಲೇ ತಯಾರಿ ಬೇಕು. ಓದುವ ಮೇಜಿನ ಮುಂದೆ ತೋರುಬೆರಳು, ಹೆಬ್ಬೆರಳಿಗೆ ಬ್ಯಾಂಡೇಜು ಸುತ್ತಿಕೊಳ್ಳಿ, ಕೂದಲು ಹಿಡಿತಕ್ಕೆ ಸಿಗುವುದಿಲ್ಲ. ಚಿಮಟವನ್ನು ಮನೆಯವರ ಕೈಗೆ ಕೊಡಿ. ಕೈ ಮೇಲೇಳುತ್ತಿದೆ ಎಂದು ಗೊತ್ತಾದ ಕ್ಷಣವೇ ಮುಷ್ಟಿ ಬಿಗಿ ಹಿಡಿದು ಒಂದು ನಿಮಿಷ ಕೂರಿ. 1973ರಲ್ಲಿ ಅಮೆರಿಕದ ಅಜ್ರಿನ್ ಮತ್ತು ನನ್ ಎಂಬ ಮನಃಶಾಸ್ತ್ರಜ್ಞರು ರೂಪಿಸಿದ ಅಭ್ಯಾಸ ಬಿಡಿಸುವ ಚಿಕಿತ್ಸೆಯ ತಿರುಳು ಇದೇ.

ಎಣ್ಣೆಯ ವಿಷಯಕ್ಕೆ ಬಂದರೆ, ತೆಂಗಿನೆಣ್ಣೆಯಿಂದ ಕೂದಲು ಹುಟ್ಟುತ್ತದೆ ಎಂಬ ನಂಬಿಕೆ ನಮ್ಮ ಕಾಸರಗೋಡಿನಲ್ಲಿ ಗಟ್ಟಿ. ತೋಟದ ಮನೆಗಳವರಿಗೆ ಇದು ಬೇಸರ ತರಬಹುದು, ಆದರೆ ಹುಟ್ಟುವುದಿಲ್ಲ. ಹುಟ್ಟಿದ ಕೂದಲು ತುಂಡಾಗದಂತೆ ಅದು ಕಾಯುತ್ತದೆ, ತುರಿಕೆ ತಗ್ಗಿಸುತ್ತದೆ, ಜೊತೆಗೆ ಎಣ್ಣೆ ಹಚ್ಚಿದ ಗಿಡ್ಡ ಕೂದಲು ಬೆರಳಿನಿಂದ ಜಾರಿಹೋಗುತ್ತದೆ. ಅಷ್ಟು ಲಾಭ ಸಾಕು. ದಾಸವಾಳದ ಗೊಂಪು ಹಾಕಿ ಮೀಯುವುದಕ್ಕೂ ಅಡ್ಡಿಯಿಲ್ಲ. ಆದರೆ ಗಾಯವಿದ್ದಲ್ಲಿ ನೀರುಳ್ಳಿ ರಸ ತಿಕ್ಕುವುದು ಬೇಡ, ಉರಿದು ಕೈ ಮತ್ತೆ ಅಲ್ಲಿಗೇ ಹೋಗುತ್ತದೆ. ಆಟಿ ತಿಂಗಳ ಮಳೆಯಲ್ಲಿ ಒದ್ದೆ ಕೂದಲನ್ನೇ ಜಡೆ ಹಾಕಿ ಮಕ್ಕಳನ್ನು ಶಾಲೆಗೆ ಕಳಿಸಬೇಡಿ. ಬಿಗಿಯಾದ ಎರಡು ಜಡೆಯೂ, ಭಾರದ ಮಲ್ಲಿಗೆ ದಂಡೆಯೂ ಎಳೆಯ ಕೂದಲನ್ನು ಜಗ್ಗುತ್ತವೆ.

ಕೂದಲಿಗೆಂದು ನುಂಗುವ ಬಯೋಟಿನ್ ಎಂಬ ವಿಟಮಿನ್ ಮಾತ್ರೆ ಅದರ ಕೊರತೆಯಿಲ್ಲದವರಿಗೆ ದಂಡ, ಮೇಲಾಗಿ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ಏರುಪೇರು ಮಾಡಬಲ್ಲದು. ಕಬ್ಬಿಣಾಂಶ ಕಡಿಮೆಯಿದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿದರೆ ಅದಕ್ಕಿಂತ ಮೇಲು. ಕೂದಲು ಬೆಳೆಸಲು ಹಚ್ಚುವ ಮಿನಾಕ್ಸಿಡಿಲ್ ಎಂಬ ಮದ್ದನ್ನು ವೈದ್ಯರು ಹೇಳಿದರೆ ಮಾತ್ರ ಹಚ್ಚಿ. ಶುರುವಿನಲ್ಲಿ ಅದು ಕೂದಲು ಉದುರಿಸುವುದೂ ಉಂಟು.

ಇನ್ನು ನೆಂಟರು. ಜೆಂಬರದ ಮನೆಯಲ್ಲಿ ಊಟಕ್ಕೆ ಕೂತಾಗ “ಏನು ಮಾರಾಯ್ತಿ, ತಲೆ ಬೋಳಾಯಿತಲ್ಲ?” ಎಂದು ಕೇಳುವವರು ಒಬ್ಬರಾದರೂ ಇದ್ದೇ ಇರುತ್ತಾರೆ. “ಚಿಕಿತ್ಸೆ ನಡೀತಿದೆ, ಬರ್ತದೆ” ಎಂದಷ್ಟೇ ಹೇಳಿ ಸಾರು ಕೇಳಿ. ಬೈತಲೆ ಬದಲಿಸಿ ಬಾಚುವುದು, ಅಗಲದ ಬಟ್ಟೆಯ ಪಟ್ಟಿ ಕಟ್ಟುವುದು ಆ ಹೊತ್ತಿಗೆ ಒದಗುತ್ತದೆ. ತಂದೆ ತಾಯಿಗೆ ಒಂದು ಮಾತು: “ಕೈ ತೆಗೆ” ಎಂದು ಗದರಿದರೆ ಮಗು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಕೀಳುತ್ತದೆ. ಕಿತ್ತ ಕೂದಲನ್ನು ನುಂಗುವ ಮಗುವಿಗೆ ಹೊಟ್ಟೆನೋವು, ವಾಂತಿ ಬಂದರೆ ತಡಮಾಡಬೇಡಿ. ಹೊಟ್ಟೆಯಲ್ಲಿ ಕೂದಲಿನ ಉಂಡೆ ಕಟ್ಟಿ ಆಪರೇಷನ್ ಮಾಡಬೇಕಾದ ಪ್ರಸಂಗಗಳಿವೆ.

ಒಂದೆರಡು ಕೂದಲು ಕಿತ್ತುಹೋದರೆ ಎಲ್ಲ ಮುಗಿಯಿತು ಎಂದೇನಿಲ್ಲ, ಉಳಿದವು ಬೆಳೆಯುತ್ತಲೇ ಇರುತ್ತವೆ. ದಿನವೂ ಕೈ ಹೋಗತೊಡಗಿದರೆ ಮಾತ್ರ ಮನೋವೈದ್ಯರನ್ನು ಕಾಣಿ. ಮಲಯಾಳದಲ್ಲಿ ಮನಸ್ಸು ಬಿಚ್ಚಲು ಆಗದವರು 14416ಕ್ಕೆ ಕರೆ ಮಾಡಬಹುದು. ಅದು ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್, ಹಗಲೂ ರಾತ್ರಿಯೂ ಉಚಿತ, ಭಾಷೆ ಆರಿಸುವಾಗ ಕನ್ನಡವೂ ಇದೆ.