ಮಹಾಮಾರಿಯ ದಿನಗಳಲ್ಲಿ ಹಳ್ಳಿಯ ಮಹಿಳೆ ಕ್ಯಾನ್ಸರ್ ಚಿಕಿತ್ಸೆ ತಪ್ಪಿಸದಿರುವ ಬಗೆ

ಸಾಂಕ್ರಾಮಿಕ ರೋಗ ಹಬ್ಬಿ ವಾಹನಗಳ ಓಡಾಟ ನಿಂತಾಗ, ಆಸ್ಪತ್ರೆಗೆ ಹೋದರೆ ಸೋಂಕು ತಗಲುತ್ತದೆಂಬ ಭಯವೂ ಸೇರಿಕೊಂಡು, ದೂರದ ಹಳ್ಳಿಯ ಹೆಣ್ಣುಮಕ್ಕಳು ತಮ್ಮ ಕ್ಯಾನ್ಸರ್ ಚಿಕಿತ್ಸೆಯನ್ನು ತಾವಾಗಿಯೇ ಮುಂದೂಡಿಬಿಡುವುದುಂಟು. 2020ರಲ್ಲಿ ಕೋವಿಡ್ ಹರಡಿದಾಗ ಜಗತ್ತಿನ ಹಲವೆಡೆ ತಪಾಸಣೆ, ಶಸ್ತ್ರಚಿಕಿತ್ಸೆಗಳು ತಡವಾದವು. ಭಯ ಸಹಜವೇ, ಆದರೆ ಯಾವ ಭೇಟಿಯನ್ನು ಮುಂದೂಡಬಹುದು, ಯಾವುದನ್ನು ಕೂಡದು ಎಂಬುದು ಕ್ಯಾನ್ಸರಿನ ಬಗೆ ಮತ್ತು ಹಂತವನ್ನು ಅವಲಂಬಿಸಿರುವುದರಿಂದ, ವೈದ್ಯರನ್ನು ಕೇಳದೆ ಅದನ್ನು ನಿರ್ಧರಿಸಬೇಡಿ.

ವೈದ್ಯರಿಗೆ ಫೋನ್ ಮಾಡಿದಾಗ ರಕ್ತಪರೀಕ್ಷೆಯನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಮಾಡಿಸಬಹುದೇ, ವಿಕಿರಣ ಚಿಕಿತ್ಸೆಯನ್ನು ಕಡಿಮೆ ದಿನಗಳಲ್ಲಿ ಮುಗಿಸಬಹುದೇ ಎಂದು ವಿಚಾರಿಸಿ. ಎರಡನೆಯದನ್ನು ಕೇಳಲು ಸಂಕೋಚ ಬೇಡ: ಆರಂಭಿಕ ಹಂತದ ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದವರಲ್ಲಿ, 3 ವಾರಗಳಲ್ಲಿ 15 ಬಾರಿ ಕೊಡುವ ವಿಕಿರಣದ ಬದಲು ಒಂದೇ ವಾರದಲ್ಲಿ 5 ಬಾರಿ ಕೊಟ್ಟರೂ ಫಲಿತಾಂಶ ಕಡಿಮೆಯಾಗದೆಂದು 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿದೆ. ಎಲ್ಲರಿಗೂ ಇದು ಹೊಂದುವುದಿಲ್ಲ, ನಿಜ. ಹೊಂದುವವರಿಗೆ ತಪ್ಪುವ ಪ್ರಯಾಣ ಸಣ್ಣದಲ್ಲ. ಕೆಲವು ಬಗೆಯ ಸ್ತನ ಕ್ಯಾನ್ಸರ್ ಮರಳದಂತೆ ಕೊಡುವ ಟಾಮೊಕ್ಸಿಫೆನ್ ಮಾತ್ರೆಯನ್ನು ಸಾಮಾನ್ಯವಾಗಿ 5ರಿಂದ 10 ವರ್ಷ ದಿನವೂ ತೆಗೆದುಕೊಳ್ಳಬೇಕಾಗುವುದರಿಂದ, ಎರಡು ವಾರಕ್ಕಾಗುವಷ್ಟು ಉಳಿದಿರುವಾಗಲೇ ಮುಂದಿನದನ್ನು ತರಿಸಿಕೊಳ್ಳಿ.

ಮನೆಯವರು ಲಸಿಕೆ ಹಾಕಿಸಿಕೊಳ್ಳಲಿ; ನಿಮ್ಮ ಲಸಿಕೆ ಯಾವಾಗ ಎಂಬುದನ್ನು ವೈದ್ಯರು ಹೇಳಲಿ. ಕೆಮ್ಮು, ನೆಗಡಿ ಇರುವವರ ಆರೈಕೆಯನ್ನು ಈ ಕಾಲದಲ್ಲಿ ಬೇರೆಯವರು ವಹಿಸಿಕೊಳ್ಳಬೇಕು. ಮನೆಯ ಕೆಲಸವೆಲ್ಲ ತನ್ನದೇ ಎಂದು ತಿಳಿದ ಹೆಂಗಸು ಇದನ್ನು ಬಾಯಿಬಿಟ್ಟು ಕೇಳುವುದಿಲ್ಲವಾದ್ದರಿಂದ ಮನೆಯವರೇ ಮುಂದೆ ಬರಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಜ್ವರ. ಕೀಮೋಥೆರಪಿ, ಅಂದರೆ ಕ್ಯಾನ್ಸರ್ ಕಣಗಳನ್ನು ಕೊಲ್ಲಲು ಹೆಚ್ಚಾಗಿ ಡ್ರಿಪ್ ಮೂಲಕ ಕೊಡುವ ಔಷಧ, ಸೋಂಕಿನೊಂದಿಗೆ ಹೋರಾಡುವ ಬಿಳಿ ರಕ್ತಕಣಗಳನ್ನು ಕುಗ್ಗಿಸುತ್ತದೆ. ಹಲವು ಔಷಧಗಳಲ್ಲಿ ಡ್ರಿಪ್ ಪಡೆದ 7ರಿಂದ 14 ದಿನಗಳ ನಡುವೆ ಅವು ಅತಿ ಕಡಿಮೆ ಇರುತ್ತವೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರ, ಇಲ್ಲವೇ ಜ್ವರವಿಲ್ಲದಿದ್ದರೂ ಬರುವ ನಡುಕ, ಬೆಳಗಾಗುವವರೆಗೆ ಕಾಯುವಂಥದ್ದಲ್ಲ. ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಕುತ್ತಾಗಬಹುದು. ಮನೆಯಲ್ಲಿ ಥರ್ಮಾಮೀಟರ್ ಇರಲಿ. ಜ್ವರವನ್ನು ಅಳೆದು ಆಸ್ಪತ್ರೆಗೆ ತಿಳಿಸುವ ಮೊದಲು ಪ್ಯಾರಸಿಟಮಾಲ್ ನುಂಗಬೇಡಿ, ಅದು ಜ್ವರವನ್ನು ಮರೆಮಾಡುತ್ತದೆ. ರಾತ್ರಿ ಯಾರ ವಾಹನದಲ್ಲಿ ಹೊರಡುವುದು, ಸಂಚಾರ ನಿರ್ಬಂಧವಿದ್ದರೆ ಯಾವ ಕಾಗದ ತೋರಿಸುವುದು, ಮಕ್ಕಳನ್ನು ಯಾರು ನೋಡಿಕೊಳ್ಳುವುದು ಎಂಬುದನ್ನು ಮೊದಲ ಡ್ರಿಪ್‌ಗೆ ಹೋಗುವ ಮುನ್ನವೇ ಗೊತ್ತುಮಾಡಿಕೊಳ್ಳಿ.

ಮಹಾಮಾರಿಯ ಕಾಲದಲ್ಲಿ ಜ್ವರ ಬಂದವರನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸಿ, ಆ ಸೋಂಕಿನ ಪರೀಕ್ಷೆಯ ಫಲಿತಾಂಶಕ್ಕೆ ಕಾಯಿಸುವ ಸಂಭವವಿದೆ. ಆದ್ದರಿಂದ ಕ್ಯಾನ್ಸರಿನ ಹೆಸರು, ಔಷಧದ ಹೆಸರು, ಕಡೆಯ ಡ್ರಿಪ್‌ನ ದಿನಾಂಕ, ವೈದ್ಯರ ಫೋನ್ ಸಂಖ್ಯೆ ಇರುವ ಚೀಟಿಯನ್ನು ಬಾಗಿಲಲ್ಲೇ ಕೊಟ್ಟು, ಕೀಮೋ ನಡೆಯುತ್ತಿದೆ, ಈಗಲೇ ರಕ್ತಕಣಗಳ ಎಣಿಕೆ ಮಾಡಿ ಆ್ಯಂಟಿಬಯೋಟಿಕ್ ಕೊಡುವುದನ್ನು ನೋಡಿ ಎಂದು ಗಟ್ಟಿಯಾಗಿ ಹೇಳಿ.